ಅಗ್ಗದ ರಿವಾಲ್ವರಿನ ಗುಣಮಟ್ಟ: ಅಪ್ಪನ ಕಾಲದ್ದು, ಮಗನ ಕಾಲದ್ದು

ಆಯುಧ ಪರವಾನಗಿ ಕುರಿತ ನಮ್ಮ ಮಾತುಕತೆ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ಹಾವೇರಿ ತಾಲ್ಲೂಕಿನ ಗುತ್ತಲದ ವೀಕ್ಷಕರೊಬ್ಬರ ಪತ್ರ ಬಹಳ ದಿನ ಮೇಜಿನ ಮೇಲೆಯೇ ಉಳಿಯಿತು. ಬರೆದವರು ಮೆಣಸಿನಕಾಯಿ ವ್ಯಾಪಾರದ ಮನೆತನದವರು. ಅವರ ತಂದೆಯವರು ಬ್ಯಾಡಗಿ ಮಾರುಕಟ್ಟೆಗೆ ಮಾಲು ಹಾಕಿ, ರೊಕ್ಕದ ಚೀಲ ಹಿಡಿದು ಹೊತ್ತು ಮುಳುಗಿದ ಮೇಲೆ ಊರಿಗೆ ಮರಳುತ್ತಿದ್ದ ಕಾಲದಲ್ಲಿ ಪರವಾನಗಿ ಪಡೆದು .32 ಬೋರಿನ ಒಂದು ಇಂಗ್ಲಿಷ್ ರಿವಾಲ್ವರ್ ಕೊಂಡಿದ್ದರಂತೆ. ಈಗ ಹಿರಿಯರಿಗೆ ಎಪ್ಪತ್ತು ದಾಟಿದೆ. ಪತ್ರದ ಮುಖ್ಯ ಭಾಗ ಹೀಗಿದೆ: "ಇದರಂಥಾದ್ದು ಈಗ ಸಿಗಂಗಿಲ್ಲ, ಈಗಿನವು ಬರೇ ತಗಡು ಅಂತಾರ ಅಪ್ಪಾರು. ನಮ್ಮ ಸೋದರಮಾವ, ಆ ಹಳೇದನ್ನ ಹಾರಿಸಿದರ ಕೈಯಾಗ ಒಡೀತದ, ಮೊದಲು ಮನಿಯಿಂದ ಹೊರಗ ಹಾಕು ಅಂತಾರ. ಗೆಳೆಯಾ ಒಬ್ಬಾಂವ ಗಡಿ ಆಚೆಯಿಂದ ಹತ್ತು ಸಾವಿರಕ್ಕ ಹೊಸಾದು ತರಸ್ತೀನಿ, ಕಾಗದ-ಪತ್ರದ ತಂಟೆ ಇಲ್ಲ ಅಂತಾನ. ಯಾರ ಮಾತು ಕೇಳಬೇಕ್ರಿ? ಅವ್ವ ಅಂತೂ ಯಾವುದೂ ಬ್ಯಾಡ ಅಂತಾಳ."

ಮೂರನೆಯ ಮಾತಿಗೆ ಉತ್ತರ ಒಂದೇ ಶಬ್ದದ್ದು: ಬೇಡ. ಏಕೆ ಬೇಡ ಎಂಬುದನ್ನು ಮುಂದೆ ಹೇಳುತ್ತೇವೆ. ಮೊದಲಿನ ಎರಡು ಮಾತುಗಳಲ್ಲಿ ಅರ್ಧರ್ಧ ಸತ್ಯವಿದೆ. ಆ ಅರ್ಧ ಯಾವುದು ಎಂದು ತಿಳಿಯಲು ರಿವಾಲ್ವರ್ ಎಂಬ ಯಂತ್ರದಲ್ಲಿ ಗುಣಮಟ್ಟ ಎಲ್ಲಿ ಅಡಗಿದೆ ಎಂಬುದನ್ನು ನೋಡಬೇಕಾಗುತ್ತದೆ.

ರಿವಾಲ್ವರ್ ಎಂದರೆ ಆರು ಕೋಣೆಗಳಿಗೆ ಒಂದೇ ಬಾಗಿಲು. ತೋಟಾಗಳು ಕೂರುವ ಸಿಲಿಂಡರಿನಲ್ಲಿ ಆರು ತೂತುಗಳಿರುತ್ತವೆ, ಎದುರಿಗೆ ನಳಿಗೆ ಒಂದೇ. ಟ್ರಿಗರ್ ಎಳೆದಾಗ ಸಿಲಿಂಡರ್ ಒಂದು ಹೆಜ್ಜೆ ತಿರುಗಿ, ಮುಂದಿನ ಕೋಣೆ ನಳಿಗೆಯ ನೇರಕ್ಕೆ ಬಂದು, ಅಲ್ಲಿ ಅಲುಗಾಡದಂತೆ ಬಿಗಿಯಾಗಿ ನಿಲ್ಲಬೇಕು. ಅನಂತರವೇ ಹ್ಯಾಮರ್ ಬೀಳಬೇಕು. ಹಳಬರು ಇದನ್ನು ಕುದುರೆ ಎನ್ನುತ್ತಿದ್ದರು. ನಮ್ಮ ರೈತರು ಇದನ್ನು ಕೂರಿಗೆಯಿಂದ ಅರ್ಥ ಮಾಡಿಕೊಳ್ಳಬಹುದು. ಬಟ್ಟಲಿನ ತೂತಿಗೂ ಕೊಳವೆಗೂ ಸರಿಯಾಗಿ ಕೂಡದಿದ್ದರೆ ಬೀಜ ಸಾಲಿಗೆ ಬೀಳದೆ ಹೊರಗೆ ಚೆಲ್ಲುತ್ತದೆ. ಇಲ್ಲಿ ಚೆಲ್ಲುವುದು ಸೀಸ ಮತ್ತು ಬೆಂಕಿ. ಕೋಣೆ ಮತ್ತು ನಳಿಗೆ ಕೂದಲೆಳೆಯಷ್ಟು ಓರೆಯಾದರೂ ಗುಂಡಿನ ಒಂದು ಬದಿ ಹೆರೆದು ಸೀಸದ ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ. ಹೆಚ್ಚು ಓರೆಯಾದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಸಿಲಿಂಡರಿಗೂ ನಳಿಗೆಗೂ ನಡುವೆ ಬಿಡುವ ಸಂದು ಒಂದು ಪೋಸ್ಟ್‌ಕಾರ್ಡಿನ ದಪ್ಪಕ್ಕಿಂತ ಕಡಿಮೆ. ಅದು ತೀರ ಕಿರಿದಾದರೆ ಮಸಿ ಕಟ್ಟಿ ಸಿಲಿಂಡರ್ ತಿರುಗುವುದಿಲ್ಲ, ಹಿರಿದಾದರೆ ಬಿಸಿ ಅನಿಲ ಹೊರಗೆ ಚಿಮ್ಮುತ್ತದೆ.

ಆದ್ದರಿಂದ ಒಳ್ಳೆಯ ರಿವಾಲ್ವರಿನ ಗುಣ ಮೂರು ಕಡೆ ಇದೆ: ಉಕ್ಕಿನಲ್ಲಿ, ಭಾಗಗಳ ಹೊಂದಾಣಿಕೆಯಲ್ಲಿ, ಮತ್ತು ಕಾರ್ಖಾನೆಯಿಂದ ಹೊರಬೀಳುವ ಮೊದಲು ಯಾರಾದರೂ ಅದನ್ನು ಪರೀಕ್ಷಿಸಿದ್ದಾರೆಯೇ ಎಂಬುದರಲ್ಲಿ. ಹೊಳಪು, ಹಿಡಿಕೆಯ ಮರ, ಮೇಲಿನ ಕೆತ್ತನೆ ಇವೆಲ್ಲ ಕಣ್ಣಿಗೆ ಮಾತ್ರ. ನೂರೈವತ್ತು ವರ್ಷಗಳಿಂದ ಅಗ್ಗದ ರಿವಾಲ್ವರ್ ಮಾಡುವವರು ಈ ಮೂರರಲ್ಲಿ ಯಾವುದನ್ನು ಕಡಿತಗೊಳಿಸಿದರು ಎಂಬುದೇ ನಮ್ಮ ವಿಷಯ.

ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅವನು ಇಟ್ಟ ಪಿಸ್ತೂಲುಗಳನ್ನು ಜನ ಮುಗಿಬಿದ್ದು ನೋಡಿದರು. ಅದಕ್ಕೆ ಕಾರಣ ಅವು ಯಂತ್ರಗಳಲ್ಲಿ ಸಾಲುಸಾಲಾಗಿ ತಯಾರಾದವು ಎಂಬುದು. ಅಲ್ಲಿಯವರೆಗೆ ಒಂದೊಂದು ಪಿಸ್ತೂಲೂ ಒಬ್ಬೊಬ್ಬ ಕುಶಲಕರ್ಮಿ ಅರ ಹಿಡಿದು ಉಜ್ಜಿ ಕೂಡಿಸಿದ ಒಡವೆಯಂತಿತ್ತು. ಯಂತ್ರ ಬಂದ ಮೇಲೆ ಬೆಲೆ ಇಳಿಯುವ ದಾರಿ ತೆರೆಯಿತು.

ನಮ್ಮ ನಾಡಿನಲ್ಲಿ ಅದೇ ದಶಕ ಬೇರೆ ಕಾರಣಕ್ಕೆ ನೆನಪಿನಲ್ಲಿದೆ. 1857ರ ನಿಶ್ಶಸ್ತ್ರೀಕರಣ ಕಾಯ್ದೆಯ ಪ್ರಕಾರ ಜನ ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂದು ಅಪ್ಪಣೆಯಾದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಹಲಗಲಿ ಉರಿಯಿತು, ಲಾವಣಿಗಳಲ್ಲಿ ಉಳಿಯಿತು. 1878ರ ಆಯುಧ ಕಾಯ್ದೆಯಿಂದ ಪರವಾನಗಿಯ ಪದ್ಧತಿ ಗಟ್ಟಿಯಾಯಿತು. ಸ್ವತಂತ್ರ ಭಾರತದ 1959ರ ಕಾಯ್ದೆಯೂ ಅದೇ ಹಾದಿಯದು. ಕೊಡಗಿನವರಿಗೆ ಕೋವಿಯ ವಿಷಯದಲ್ಲಿರುವ ವಿನಾಯಿತಿಯನ್ನು ಬಿಟ್ಟರೆ ಕನ್ನಡ ನಾಡಿನಲ್ಲಿ ಬಂದೂಕು ಎಂದರೆ ಕಚೇರಿಯ ಕಾಗದ. ಅಗ್ಗದ ರಿವಾಲ್ವರಿನ ಕಥೆ ನಮ್ಮಲ್ಲಿ ತಡವಾಗಿ, ಸೊಟ್ಟಗೆ ನಡೆದದ್ದು ಇದರಿಂದ.

ಅಮೆರಿಕದಲ್ಲಿ ಅಂಥ ತಡೆ ಇರಲಿಲ್ಲ. 1870ರಿಂದ ಮುಂದೆ ಕೆಲವೇ ಡಾಲರಿಗೆ ಸಿಗುವ ಪುಟ್ಟ ರಿವಾಲ್ವರುಗಳು ಅಲ್ಲಿ ಮಾರುಕಟ್ಟೆ ತುಂಬಿದವು. ಮುಂದೆ ಸಂಗ್ರಾಹಕರು ಇವಕ್ಕೆ 'ಸೂಸೈಡ್ ಸ್ಪೆಷಲ್' ಎಂದು ಅಡ್ಡ ಹೆಸರಿಟ್ಟರು. ಬಳಸಿದವನಿಗೇ ಕುತ್ತು ಎಂಬ ವ್ಯಂಗ್ಯ ಅದರಲ್ಲಿದೆ. ಮೆತ್ತನೆಯ ಕಬ್ಬಿಣ, ಸಡಿಲ ಸಿಲಿಂಡರ್, ಬಲವಿಲ್ಲದ ಸ್ಪ್ರಿಂಗು. ಕರಿಮದ್ದಿನ ಕಾಲದಲ್ಲಿ ಅದು ಹೇಗೋ ನಡೆಯಿತು. ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂದು ಒಳಗಿನ ಒತ್ತಡ ಹೆಚ್ಚಿದಾಗ ಆ ಕಬ್ಬಿಣಕ್ಕೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಗುತ್ತಲದ ಸೋದರಮಾವನವರ ಹೆದರಿಕೆಗೆ ಇಲ್ಲೊಂದು ಆಧಾರವಿದೆ: ಕರಿಮದ್ದಿನ ಕಾಲದ ಆಯುಧದಲ್ಲಿ ಈಗಿನ ತೋಟಾ ಹಾಕುವುದು ನಿಜಕ್ಕೂ ಅಪಾಯ.

ಆದರೆ ಅಗ್ಗ ಎಂದರೆ ಕೆಟ್ಟದ್ದು ಎಂಬ ಸಮೀಕರಣ ಆಗಲೇ ತಪ್ಪಾಗಿತ್ತು. ಐವರ್ ಜಾನ್ಸನ್ ಎಂಬ ಅಮೆರಿಕದ ಕಂಪನಿ ಮಾಡುತ್ತಿದ್ದುದೆಲ್ಲ ಬಡವರ ರಿವಾಲ್ವರುಗಳೇ. ಆಗಿನ ರಿವಾಲ್ವರುಗಳು ಕೈಜಾರಿ ಬಿದ್ದರೆ ಹ್ಯಾಮರಿಗೆ ಪೆಟ್ಟು ತಗುಲಿ ತಾವಾಗಿ ಹಾರುತ್ತಿದ್ದವು. ಈ ಕಂಪನಿ ಹ್ಯಾಮರಿಗೂ ಪಿನ್ನಿಗೂ ನಡುವೆ ಒಂದು ಪಟ್ಟಿಯನ್ನು ಇಟ್ಟಿತು. ಟ್ರಿಗರ್ ಪೂರ್ತಿ ಎಳೆದಾಗ ಮಾತ್ರ ಪಟ್ಟಿ ಮೇಲೇರಿ ಪೆಟ್ಟನ್ನು ದಾಟಿಸುತ್ತದೆ. ಇಲ್ಲವಾದರೆ ಸುತ್ತಿಗೆಯಿಂದ ಹೊಡೆದರೂ ಗುಂಡು ಹಾರದು. ಸುತ್ತಿಗೆಯಿಂದ ಹ್ಯಾಮರಿಗೆ ಹೊಡೆಯುವ ಚಿತ್ರವನ್ನೇ ಅವರು ಜಾಹೀರಾತು ಮಾಡಿದರು. ದೊಡ್ಡ ಹೆಸರಿನ ತಯಾರಕರಲ್ಲಿ ಹಲವರು ಈ ಉಪಾಯವನ್ನು ತಮ್ಮದಾಗಿಸಿಕೊಂಡದ್ದು ಬಹಳ ತಡವಾಗಿ, 1970ರ ದಶಕದಿಂದ ಈಚೆಗೆ. 1901ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ವಿಲಿಯಂ ಮೆಕಿನ್ಲಿ ಅವರ ಮೇಲೆ ಹಾರಿದ ಗುಂಡುಗಳು ಇದೇ ಕಂಪನಿಯ .32 ರಿವಾಲ್ವರಿನವು. ಅದರ ಬೆಲೆ ನಾಲ್ಕೂವರೆ ಡಾಲರ್. ಆಯುಧದ ಸುರಕ್ಷತೆ ಅದನ್ನು ಹಿಡಿದವನಿಗೆ ಮಾತ್ರ ಎಂಬುದನ್ನು ಇದಕ್ಕಿಂತ ಕಹಿಯಾಗಿ ಹೇಳುವುದು ಕಷ್ಟ.

ಇನ್ನೊಂದು ಪಾಠ ಸ್ಪೇನಿನ ಐಬಾರ್ ಎಂಬ ಕಮ್ಮಾರರ ಪಟ್ಟಣದಿಂದ. ಅಲ್ಲಿನ ಸಣ್ಣ ಸಣ್ಣ ಕಾರ್ಖಾನೆಗಳು ದೊಡ್ಡ ಕಂಪನಿಗಳ ರಿವಾಲ್ವರುಗಳನ್ನು ನಕಲು ಮಾಡಿ ಅಗ್ಗಕ್ಕೆ ಮಾರುತ್ತಿದ್ದವು. ಕೆಲವು ಚೆನ್ನಾಗಿದ್ದವು, ಕೆಲವು ಬರೀ ಮೇಲ್ನೋಟಕ್ಕೆ. ಮೊದಲ ಮಹಾಯುದ್ಧದಲ್ಲಿ ಕೈಬಂದೂಕು ಸಾಲದಾದಾಗ ಬ್ರಿಟಿಷ್ ಸೈನ್ಯವೇ ಈ ಊರಿನಿಂದ .455 ರಿವಾಲ್ವರುಗಳನ್ನು ತರಿಸಿ, ತಪಾಸಣೆ ಮಾಡಿ ಅಧಿಕಾರಿಗಳ ಕೈಗೆ ಕೊಟ್ಟಿತು. ಊರು ಅದೇ, ಕೆಲಸಗಾರರು ಅವರೇ. ತಪಾಸಣೆ ಮಾಡುವವನೊಬ್ಬ ಎದುರಿಗೆ ನಿಂತಾಗ ಮಾಲು ಬೇರೆಯಾಗುತ್ತದೆ. ಇದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಬಿಚ್ಚಿ ನೋಡುವ ಖರೀದಿದಾರನನ್ನು ಬಲ್ಲವರಿಗೆ ಹೊಸ ಮಾತೇನಲ್ಲ.

ಎರಡನೆಯ ಮಹಾಯುದ್ಧದ ನಂತರ ಅಗ್ಗದ ರಿವಾಲ್ವರಿನಲ್ಲಿ ಕಡಿತವಾದದ್ದು ಉಕ್ಕು. ಚೌಕಟ್ಟನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು, ನಳಿಗೆಗೆ ಮಾತ್ರ ಉಕ್ಕಿನ ಕೊಳವೆ ಸೇರಿಸುವ ಪದ್ಧತಿ ಬಂತು. ಆಟಿಕೆ ಕಾರುಗಳನ್ನು ಮಾಡುವ ಲೋಹವೇ ಅದು. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆ ಇಂಥವುಗಳ ಆಮದನ್ನು ತಡೆಯಿತು. ಆದರೆ ದೇಶದೊಳಗಿನ ತಯಾರಿಕೆಯನ್ನು ಮುಟ್ಟಲಿಲ್ಲ. ಪರಿಣಾಮವಾಗಿ ಜರ್ಮನಿಯ ರೋಮ್ ಕಂಪನಿಯ ಪುಟ್ಟ ರಿವಾಲ್ವರುಗಳು ಭಾಗಗಳಾಗಿ ಬಂದು ಮಯಾಮಿಯಲ್ಲಿ ಜೋಡಣೆಗೊಂಡವು. 1981ರ ಮಾರ್ಚ್ 30ರಂದು ಅಧ್ಯಕ್ಷ ರೇಗನ್ ಅವರ ಮೇಲೆ ಬಳಕೆಯಾದ .22 ರಿವಾಲ್ವರ್ ಆ ಕಂಪನಿಯದೇ. ಅಲ್ಲಿನ ಕೆಲವು ರಾಜ್ಯಗಳು ಗುಣಮಟ್ಟವನ್ನು ಲೋಹ ಕರಗುವ ಉಷ್ಣತೆಯಿಂದಲೇ ಅಳೆಯುವ ಕಾನೂನು ಮಾಡಿದವು: ಸುಮಾರು 427 ಡಿಗ್ರಿ ಸೆಂಟಿಗ್ರೇಡಿನೊಳಗೆ ಕರಗುವ ಚೌಕಟ್ಟಿನ ಕೈಬಂದೂಕನ್ನು ಮಾರಕೂಡದು. ಸತುವಿನ ಮಿಶ್ರಲೋಹ ಇದಕ್ಕಿಂತ ಮೊದಲೇ ಕರಗುತ್ತದೆ. ಉಕ್ಕಿಗೆ ಸಾವಿರದ ನಾನೂರರ ಆಸುಪಾಸು ಬೇಕು.

ಅದೇ ಕಾಲದಲ್ಲಿ ಮತ್ತೊಂದು ದಾರಿಯೂ ಬೆಳೆಯುತ್ತಿತ್ತು. ಪಂಚಲೋಹದ ವಿಗ್ರಹ ಮಾಡುವವರು ಮೇಣದ ಅಚ್ಚಿನ ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುತ್ತಾರಲ್ಲ, ಅದೇ ತತ್ವದಲ್ಲಿ ಗಟ್ಟಿ ಉಕ್ಕಿನ ಚೌಕಟ್ಟನ್ನು ಎರಕ ಹೊಯ್ಯುವುದನ್ನು ಅಮೆರಿಕದ ರೂಗರ್ ಕಂಪನಿ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿತು. ಉಕ್ಕಿನ ದಿಮ್ಮಿಯನ್ನು ಗಂಟೆಗಟ್ಟಲೆ ಕೊರೆಯುವ ಖರ್ಚು ಉಳಿಯಿತು, ಬಲ ಉಳಿಯಿತು. ಬ್ರೆಜಿಲ್ಲಿನ ಟಾರಸ್‌ನಂಥ ಕಂಪನಿಗಳು ಮಧ್ಯಮ ಬೆಲೆಯ ರಿವಾಲ್ವರುಗಳನ್ನು ಜಗತ್ತಿಗೆಲ್ಲ ಕಳುಹಿಸಿದವು. ಮುಂದೆ ಗಣಕಯಂತ್ರದ ಆಣತಿಯಂತೆ ಕೊರೆಯುವ ಯಂತ್ರಗಳು ಬಂದವು. ಈಗ ಭಾಗಗಳ ಅಳತೆ ಒಂದಕ್ಕೊಂದು ಹೊಂದುವುದಕ್ಕೆ ಕುಶಲಕರ್ಮಿಯ ಬೆರಳು ಬೇಕಿಲ್ಲ. ಹಳೆಯ ರಿವಾಲ್ವರಿನ ಟ್ರಿಗರ್ ಬೆಣ್ಣೆಯಲ್ಲಿ ಚಾಕು ಜಾರಿದಂತೆ ಜಾರುತ್ತಿದ್ದುದು ಆ ಬೆರಳಿನಿಂದ. ಅದು ಹೋಯಿತು. ಬದಲಿಗೆ ಉಕ್ಕು ಮತ್ತು ಅಳತೆ ಉತ್ತಮವಾದವು. ಗುತ್ತಲದ ಹಿರಿಯರು ಕಳೆದುಕೊಂಡೆವು ಎನ್ನುವುದು ಮೊದಲನೆಯದನ್ನು. ಅವರ ಮಾತು ಸುಳ್ಳಲ್ಲ, ಪೂರ್ತಿಯೂ ಅಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ .38 ಬೋರಿನ ರಿವಾಲ್ವರ್ ಪೊಲೀಸರದು, ನಾಗರಿಕರಿಗೆ ಅದು ನಿಷೇಧಿತ ಬೋರ್. ನಾಗರಿಕರ ಪಾಲಿಗೆ ಉಳಿದದ್ದು ಮುಖ್ಯವಾಗಿ .32. ಇದರ ತೋಟಾ 1896ರಷ್ಟು ಹಳೆಯ ವಿನ್ಯಾಸ, ಗುಂಡಿನ ತೂಕ ಆರು ಗ್ರಾಮಿಗಿಂತ ತುಸು ಹೆಚ್ಚು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಮಾಡುತ್ತಿದ್ದ, ನಡು ಮುರಿದು ತೆರೆಯುವ ರಿವಾಲ್ವರುಗಳು ಬ್ರಿಟಿಷರ ಕಾಲದಿಂದ ಇಲ್ಲಿ ಮನೆಮಾತು. 1956ರ ಕೈಗಾರಿಕಾ ನೀತಿ ಆಯುಧ ತಯಾರಿಕೆಯನ್ನು ಸರ್ಕಾರದ ಕೈಯಲ್ಲಿ ಇರಿಸಿತು. 1980ರ ದಶಕದ ನಡುವಿನಲ್ಲಿ ನಾಗರಿಕರಿಗೆ ಆಮದಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. ಆಮೇಲೆ ದೇಶದೊಳಗಿದ್ದ ಹಳೆಯ ಇಂಗ್ಲಿಷ್ ರಿವಾಲ್ವರುಗಳ ಬೆಲೆ ಬಂಗಾರದಂತೆ ಏರಿತು. ಹಳೆಯದರ ಮೇಲಿನ ಗೌರವದಲ್ಲಿ ಒಂದು ಪಾಲು ಈ ಅಭಾವದ್ದು ಎಂದು ನಮಗೆ ಅನ್ನಿಸುತ್ತದೆ.

ಹೊಸದು ಬೇಕಾದವರಿಗೆ ಉಳಿದ ದಾರಿ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿ. 1942ರಲ್ಲಿ ಸ್ಥಾಪನೆಯಾದ ಈ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ವೆಬ್ಲಿಯ ಮಗುವೇ: ನಡು ಮುರಿದು ತೆರೆಯುವ ಚೌಕಟ್ಟು, ಆರು ಗುಂಡು, ಮೂರಂಗುಲದ ನಳಿಗೆ. ಉಕ್ಕು ಗಟ್ಟಿ. ದೂರುಗಳೆಂದರೆ ಟ್ರಿಗರ್ ಬಹಳ ಬಿಗಿ, ಮೇಲ್ಮೈ ಒರಟು. ಪೈಪೋಟಿ ಇಲ್ಲದ ಕಡೆ ಇವೆರಡೂ ತಾವಾಗಿ ಸರಿಹೋಗುವುದಿಲ್ಲ. ಹೀಗಾಗಿ ಹೊರಗಿನ ಜಗತ್ತಿನಲ್ಲಿ ಅಗ್ಗದ ರಿವಾಲ್ವರ್ ಎಂದರೆ ಏನೋ ಒಂದನ್ನು ಕಡಿತ ಮಾಡಿದ್ದು ಎಂದಾದರೆ, ನಮ್ಮಲ್ಲಿ ಅಗ್ಗದ್ದೆಂಬುದೇ ಇರಲಿಲ್ಲ. ಸಾಧಾರಣ ಗುಣಮಟ್ಟಕ್ಕೆ ದುಬಾರಿ ಬೆಲೆ ಇತ್ತು.

2014ರ ಜನವರಿಯಲ್ಲಿ ಕಾನ್ಪುರದಿಂದಲೇ 'ನಿರ್ಭೀಕ್' ಬಂತು. ಮಹಿಳೆಯರಿಗೆಂದು ಹೇಳಿದ, ಟೈಟಾನಿಯಂ ಮಿಶ್ರಲೋಹದ, ಅರ್ಧ ಕಿಲೋ ತೂಕದ .32. ಬೆಲೆ 1,22,360 ರೂಪಾಯಿ. ಟೈಟಾನಿಯಂ ತಗಡಲ್ಲ, ಬಲದಲ್ಲಿ ಉಕ್ಕಿಗೆ ಸರಿಸಾಟಿ. ಆದರೆ ಹಗುರ ಆಯುಧ ಕೈಗೆ ಹೆಚ್ಚು ಒದೆಯುತ್ತದೆ, ಗುರಿ ತಪ್ಪುವುದು ಸುಲಭ. ಚೀಲದಲ್ಲಿ ಹೊರಲು ಹಗುರ, ಹಾರಿಸಲು ಕಷ್ಟ. 2016ರಲ್ಲಿ ಬಂಗಾಳದ ಇಶಾಪುರ ಕಾರ್ಖಾನೆ 'ನಿಡರ್' ಎಂಬ .22 ಬೋರಿನದನ್ನು ತಂದಿತು. ಕಾಲು ಕಿಲೋ ತೂಕ, ಬೆಲೆ ಸುಮಾರು 35 ಸಾವಿರ. ಅಗ್ಗದ್ದು ಎನ್ನಬಹುದಾದ ಸರ್ಕಾರಿ ರಿವಾಲ್ವರ್ ಇದು. ಕಡಿತವಾದದ್ದು ಗುಂಡಿನ ಶಕ್ತಿ.

ಅದೇ ವರ್ಷದ ಹೊಸ ಆಯುಧ ನಿಯಮಗಳ ನಂತರ ಖಾಸಗಿಯವರಿಗೂ ದಾರಿಯಾಯಿತು. ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ 2020ರ ಕೊನೆಗೆ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲೇ ತಯಾರಾಗತೊಡಗಿತು. ಟಾರಸ್ ಕಂಪನಿ ಜಿಂದಾಲ್ ಬಳಗದೊಡನೆ ಸೇರಿ ಹರಿಯಾಣದ ಹಿಸಾರ್‌ಗೆ ಬಂದಿದೆ. ಸರ್ಕಾರಿ ಆಯುಧ ಕಾರ್ಖಾನೆಗಳನ್ನು 2021ರ ಅಕ್ಟೋಬರ್ 1ರಂದು ಏಳು ಕಂಪನಿಗಳಾಗಿ ಒಡೆಯಲಾಯಿತು. ಅವುಗಳಲ್ಲಿ ಕಾನ್ಪುರದ ಕಂಪನಿ 2023ರ ಆಗಸ್ಟಿನಲ್ಲಿ 'ಪ್ರಬಲ್' ಅನ್ನು ಹೊರತಂದಿತು. ಇದರ ಸಿಲಿಂಡರ್ ಪಕ್ಕಕ್ಕೆ ಹೊರಳಿ ತೆರೆಯುತ್ತದೆ. ಚೌಕಟ್ಟು ಇಡಿಯಾದ್ದು, ನಡುವೆ ಕೀಲಿಲ್ಲ. ಹೊರದೇಶಗಳಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಇರುವ ಈ ವಿನ್ಯಾಸ ನಮ್ಮ ಸರ್ಕಾರಿ ಕಾರ್ಖಾನೆಗೆ ಬರಲು ಇಷ್ಟು ಕಾಲ ಬೇಕಾಯಿತು. ಟ್ರಿಗರ್ ಹಗುರವೆಂಬುದನ್ನೂ ಅದರ ವಿಶೇಷವೆಂದು ತಯಾರಕರು ಸಾರಿದರು. ಹಳೆಯ ದೂರು ಅವರ ಕಿವಿಗೂ ಬಿದ್ದಿತ್ತೆಂದು ಇದರಿಂದ ತಿಳಿಯುತ್ತದೆ.

ಬೆಲೆ ಮಾತ್ರ ಇಳಿದಿಲ್ಲ. ರಿವಾಲ್ವರಿನ ಮೇಲೆ ಶೇಕಡ 28ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 40. ಲಕ್ಷ ರೂಪಾಯಿಯ ಆಯುಧಕ್ಕೆ ನಲವತ್ತು ಸಾವಿರ ತೆರಿಗೆ. ಆದ್ದರಿಂದ ಇಂದು ಕೊಡುವ ಬೆಲೆಯನ್ನು ನೋಡಿ ಗುಣಮಟ್ಟವನ್ನು ಊಹಿಸುವಂತಿಲ್ಲ.

ಈ ಎತ್ತರದ ಬೆಲೆಯ ಕೆಳಗಿನ ನೆರಳಿನಲ್ಲೇ ಗೆಳೆಯನ ಹತ್ತು ಸಾವಿರದ ಮಾಲು ಬೆಳೆದಿರುವುದು. ನಾಡ ಪಿಸ್ತೂಲಿಗೆ ತಯಾರಕನ ಹೆಸರಿಲ್ಲ, ಕ್ರಮಸಂಖ್ಯೆ ಇಲ್ಲ. ಅಧಿಕ ಒತ್ತಡದ ತೋಟಾ ಹಾರಿಸಿ ಪರೀಕ್ಷಿಸಿದ ಮುದ್ರೆ ಇಲ್ಲ. ಯಾವುದೋ ಕೊಳವೆ, ಯಾವುದೋ ಉಕ್ಕು. ಕೈಯಲ್ಲೇ ಸಿಡಿಯುವುದೇನಾದರೂ ಇದ್ದರೆ ಅದು ಅಪ್ಪನವರ ವೆಬ್ಲಿಗಿಂತ ಮೊದಲು ಇದು. ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಎಂ. ಎಂ. ಕಲಬುರ್ಗಿಯವರನ್ನೂ, ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನೂ ಕೊಂದದ್ದು 7.65 ಮಿಲಿಮೀಟರಿನ ಒಂದೇ ನಾಡ ಪಿಸ್ತೂಲು ಎಂದು ತನಿಖೆ ಹೇಳಿತು. ಅದು ರಿವಾಲ್ವರ್ ಅಲ್ಲ, ಆದರೆ ಬರುವ ಸಂತೆ ಅದೇ. ಅಂಥದ್ದನ್ನು ಕೊಂಡವನಿಗೆ ತನ್ನ ಕೈಗೆ ಬರುವ ಮೊದಲು ಅದು ಯಾರ ಕೈಯಲ್ಲಿತ್ತು, ಯಾವ ಮೊಕದ್ದಮೆಯ ಗುಂಡಿಗೆ ತಾಳೆಯಾಗುತ್ತದೆ ಎಂಬುದು ತಿಳಿಯದು. ಪರವಾನಗಿ ಇಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ ಎರಡು ವರ್ಷ, ಐದು ವರ್ಷದವರೆಗೆ ಸೆರೆ.

ಇನ್ನು ಮನೆಯಲ್ಲಿರುವ ಹಳೆಯದು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಇರಿಸಿ ಮತ್ತೆ ತರುತ್ತೇವೆಂದು ಪತ್ರದಲ್ಲಿದೆ. ತಂದಾಗ ಚರ್ಮದ ಚೀಲದಲ್ಲೇ ಇಟ್ಟುಬಿಡುತ್ತಾರಂತೆ. ಅದು ತಪ್ಪು. ಹದ ಮಾಡಿದ ಚರ್ಮ ತೇವ ಹಿಡಿದು ಉಕ್ಕನ್ನು ತಿನ್ನುತ್ತದೆ. ಎಣ್ಣೆ ಸವರಿ ಒಣ ಬಟ್ಟೆಯಲ್ಲಿ ಸುತ್ತಿ, ತೋಟಾಗಳಿಂದ ಬೇರೆಯಾಗಿ, ಬೀಗದೊಳಗೆ ಇಡಬೇಕು. ಖಾಲಿ ಇದೆಯೆಂದು ಎರಡು ಬಾರಿ ನೋಡಿದ ಮೇಲೆ, ಮುಚ್ಚಿದ ಸ್ಥಿತಿಯಲ್ಲಿ ನಳಿಗೆ ಹಿಡಿದು ಮೆಲ್ಲನೆ ಅಲುಗಿಸಿ ನೋಡಿ. ನಡು ಮುರಿದು ತೆರೆಯುವ ರಿವಾಲ್ವರಿನಲ್ಲಿ ಮೊದಲು ಸವೆಯುವುದು ಕೀಲು ಮತ್ತು ಕೊಂಡಿ. ಪಂಪ್‌ಸೆಟ್ಟಿನ ದಂಡಕ್ಕೆ ಆಟ ಬಂದಂತೆ ಇಲ್ಲಿಯೂ ಆಟ ಬಂದಿದ್ದರೆ ಅದನ್ನು ಹಾರಿಸಬಾರದು. ಆಟ ಇಲ್ಲದಿದ್ದರೂ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಬಳಿ ಸಿಲಿಂಡರಿನ ಬಿಗಿ, ನಳಿಗೆಯ ಒಳಮೈ, ಪರೀಕ್ಷೆಯ ಮುದ್ರೆಗಳನ್ನು ತೋರಿಸಿಕೊಳ್ಳಿ. ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿಸಿದ ವೆಬ್ಲಿಯಾಗಿದ್ದು ತುಕ್ಕು ಹತ್ತದೆ ಉಳಿದಿದ್ದರೆ ಅದು ಒಡೆಯುವ ಸಾಮಾನಲ್ಲ. ಹಳೆಯ ತೋಟಾಗಳನ್ನು ನಂಬಬೇಡಿ. ನಮ್ಮಲ್ಲಿ ಸಿಗುವ .32 ತೋಟಾ ಪುಣೆಯ ಖಡಕಿ ಕಾರ್ಖಾನೆಯದು, ತಳದಲ್ಲಿ ಕೆಎಫ್ ಎಂಬ ಮುದ್ರೆ ಇರುತ್ತದೆ. ವರ್ಷಕ್ಕೆ ಎಷ್ಟು ಎಂಬುದು ಪರವಾನಗಿಯಲ್ಲೇ ಬರೆದಿರುತ್ತದೆ.

ಮಗನ ಹೆಸರಿಗೆ ಮಾಡಿಸಿಕೊಳ್ಳುವುದಾದರೆ, 2016ರ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೆ ಆಯುಧ ಅವರ ಬಳಿ 25 ವರ್ಷ ಇದ್ದಿದ್ದರೆ, ಅವರು ಇರುವಾಗಲೇ ವಾರಸುದಾರರು ಅರ್ಜಿ ಹಾಕಬಹುದು. ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ, ಪೊಲೀಸ್ ವರದಿ, ಆಯುಧ ಬಳಕೆಯ ತರಬೇತಿ ಪತ್ರ ಬೇಕು. ಪರವಾನಗಿಯ ಅವಧಿ ಈಗ ಐದು ವರ್ಷ.

ಅವ್ವನವರ ಮಾತು ಉಳಿಯಿತು. ಅಪ್ಪನವರು ಪರವಾನಗಿ ಪಡೆದದ್ದು ರೊಕ್ಕದ ಚೀಲಕ್ಕೆ. ಬ್ಯಾಡಗಿಯಲ್ಲಿ ಈಗ ಇ-ಟೆಂಡರ್ ಇದೆ, ಹಣ ಬ್ಯಾಂಕಿಗೆ ಹೋಗುವುದೂ ಹೆಚ್ಚಾಗಿದೆ. ಮಗ ಅದೇ ಚೀಲ ಹಿಡಿದು ಅದೇ ರಸ್ತೆಯಲ್ಲಿ ರಾತ್ರಿ ಬರುತ್ತಾರೆಯೇ ಎಂದು ಪತ್ರದಲ್ಲಿ ಬರೆದಿಲ್ಲ. ಬರುವುದಿಲ್ಲವಾದರೆ ಹಳೆಯದೂ ಬೇಡ, ಹೊಸದೂ ಬೇಡ ಎನ್ನುವ ಆಯ್ಕೆಗೂ ಕಾನೂನಿನಲ್ಲಿ ದಾರಿ ಇದೆ. ಆಯುಧವನ್ನು ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಒಪ್ಪಿಸಿ ರಸೀದಿ ಪಡೆಯಬಹುದು. ಮಾರುವುದಾದರೆ ಪರವಾನಗಿ ಇದ್ದವರಿಗೆ ಮಾತ್ರ, ಅಧಿಕಾರಿಗಳಿಗೆ ಮೊದಲೇ ತಿಳಿಸಿ. ರಸೀದಿಯಲ್ಲಿ ಆಯುಧದ ಕ್ರಮಸಂಖ್ಯೆ ಸರಿಯಾಗಿ ಬರೆದಿದೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಿ.